ಆ ಮ್ಯಾಟು ಒಮ್ಮೆ ಎತ್ತಿ ನೋಡಿ
ಮಲೆನಾಡಿನ ಪಿಕಪ್, ಜೀಪು ಮಾಲೀಕರಿಗೆ ಮತ್ತು ಚಾಲಕರಿಗೆ ಒಂದು ಬಹಿರಂಗ ಪತ್ರ

ಪಿಕಪ್, ಕ್ಯಾಂಪರ್, ಹಳೇ ಜೀಪು ಇಟ್ಟುಕೊಂಡಿರುವ ತೋಟಗಾರರೇ, ಅವನ್ನು ಬಾಡಿಗೆಗೆ ಓಡಿಸುವ ಚಾಲಕ ಮಿತ್ರರೇ,

ಹೂಮಳೆ ಬಂತು, ಬ್ಯಾಕಿಂಗ್ ಮಳೆಯೂ ಆಯಿತು. ಮುಂಗಾರು ಹಿಡಿಯುವವರೆಗಿನ ಈ ದಿನಗಳು ನಮ್ಮ ಕಡೆಯ ಗ್ಯಾರೇಜುಗಳಿಗೆ ಸುಗ್ಗಿ. ಮೂಡಿಗೆರೆಗೆ ಹೋಗಿ, ಕೊಪ್ಪಕ್ಕೆ ಹೋಗಿ, ಸಕಲೇಶಪುರಕ್ಕೆ ಹೋಗಿ, ವರ್ಕ್‌ಶಾಪಿನ ಎದುರು ಗಾಡಿಗಳು ಸಾಲುಗಟ್ಟಿವೆ. ಒಬ್ಬರಿಗೆ ಹೊಸ ಮಡ್ ಟೈರು ಬೇಕು, ಇನ್ನೊಬ್ಬರಿಗೆ ಮಂಜಿನಲ್ಲಿ ದಾರಿ ಕಾಣಲು ಹಳದಿ ದೀಪ, ಮತ್ತೊಬ್ಬರಿಗೆ ವಿಂಚು. ಮಗ ಹಟ ಹಿಡಿದ ಅಂತ ದಪ್ಪ ಪೈಪಿನ ಬಂಪರ್ ಹಾಕಿಸುವವರೂ ಇದ್ದಾರೆ. ಖರ್ಚೆಲ್ಲ ಗಾಡಿಯ ಮುಖಕ್ಕೇ. ಹಿಂದಕ್ಕೆ ಹೋಗಿ, ಬಾಡಿಯಲ್ಲಿ ಹಾಸಿದ ಮ್ಯಾಟು ಎತ್ತಿ ನೋಡಿದವರು ಬೆರಳೆಣಿಕೆಯಷ್ಟು. ಅದನ್ನು ಎತ್ತಿ ನೋಡಿ ಎಂದು ಹೇಳುವುದಕ್ಕೇ ಈ ಕಾಗದ.

ಗಾಡಿ ದುಡಿಯುವುದು ಹಿಂದಿನ ಬಾಡಿಯಲ್ಲಿ. ಹಣ್ಣು ಕಣಕ್ಕೆ ಬರುವುದು, ಗೊಬ್ಬರ ತೋಟಕ್ಕೆ ಹೋಗುವುದು, ಕಾಳುಮೆಣಸು ಪೇಟೆಗೆ ಹೋಗುವುದು, ಕರು ಹಾಕಲು ಕಷ್ಟಪಡುವ ದನ ಆಸ್ಪತ್ರೆಗೆ ಹೋಗುವುದು, ಎಲ್ಲವೂ ಆ ತಗಡಿನ ಮೇಲೆಯೇ. ಎಂಜಿನ್ನಿಗೆ ಕಾಲಕಾಲಕ್ಕೆ ಆಯಿಲ್ ಬದಲಿಸುತ್ತೇವೆ, ಕ್ಲಚ್ ಪ್ಲೇಟು ಸವೆದರೆ ಮಾರನೇ ದಿನವೇ ಹಾಕಿಸುತ್ತೇವೆ. ತಳದ ತಗಡು ಮಾತ್ರ ತೂತು ಬಿದ್ದು, ತೂತಿನಿಂದ ರಸ್ತೆ ಕಾಣುವ ತನಕ ಅದರ ಗೊಡವೆಗೆ ಹೋಗುವುದಿಲ್ಲ. ಗಾಡಿ ಮಾರಲು ನಿಲ್ಲಿಸಿದಾಗ ನೋಡಿ, ಅನುಭವಸ್ಥ ಗಿರಾಕಿ ಬಾನೆಟ್ ಎತ್ತುವ ಮೊದಲು ಹಿಂದೆ ಹತ್ತಿ ಹಿಮ್ಮಡಿಯಿಂದ ತಳಕ್ಕೆ ಒಂದು ಗುದ್ದು ಹಾಕುತ್ತಾನೆ. ಆ ಸದ್ದಿನಲ್ಲೇ ಅವನ ಬೆಲೆ ನಿಶ್ಚಯವಾಗಿರುತ್ತದೆ.

ನೀರಿನಿಂದ ತುಕ್ಕು ಹಿಡಿಯುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ? ಆದರೆ ಮೇಲೆ ಸುರಿದು ಹರಿದುಹೋಗುವ ನೀರಿನ ಹಾವಳಿ ನಾವು ಅಂದುಕೊಂಡಷ್ಟಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಯೂ ಮೇಲಿನ ಬಣ್ಣ ಗಟ್ಟಿಯಿದ್ದು, ನೀರು ನಿಲ್ಲದಂತಿರುವ ಗಾಡಿಯ ಬಾಡಿ ವರ್ಷಗಟ್ಟಲೆ ಬಾಳುತ್ತದೆ. ತಿನ್ನುವುದು ನಿಂತ ನೀರು. ಮ್ಯಾಟಿನ ಅಡಿಯಲ್ಲಿ, ಎರಡು ತಗಡು ಒಂದರ ಮೇಲೊಂದು ಕೂತ ಸಂದಿಯಲ್ಲಿ, ಹಿಂಬಾಗಿಲಿನ ಕೆಳ ಅಂಚಿನ ಮಡಿಕೆಯಲ್ಲಿ, ಕ್ಯಾಬಿನ್ನಿಗೆ ಅಂಟಿದ ಮುಂದಿನ ಎರಡು ಮೂಲೆಗಳಲ್ಲಿ ಅದು ಕೂತಿರುತ್ತದೆ. ಆ ಮೂಲೆಗಳಿಗೆ ಒಮ್ಮೆ ಬೆರಳು ಹಾಕಿ ಕೆರೆಯಿರಿ. ಕಾಫಿ ಸಿಪ್ಪೆ, ಹುಲ್ಲಿನ ಕಡ್ಡಿ, ಗೊಬ್ಬರದ ಪುಡಿ, ಕೆಮ್ಮಣ್ಣು ಎಲ್ಲ ಸೇರಿ ಗಟ್ಟಿಯಾದ ಒಂದು ಮುದ್ದೆ ಕೈಗೆ ಬರುತ್ತದೆ. ಜೂನಿನಲ್ಲಿ ನೆನೆದ ಆ ಮುದ್ದೆ ಅಕ್ಟೋಬರ್ ಬಂದರೂ ಪೂರ್ತಿ ಒಣಗಿರುವುದಿಲ್ಲ.

‘ಮ್ಯಾಟಿನಡಿ ಗಾಳಿಯೇ ಆಡುವುದಿಲ್ಲವಲ್ಲ, ಅಲ್ಲಿ ತುಕ್ಕು ಹೇಗೆ ಹಿಡಿಯುತ್ತದೆ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಲೋಹದ ನಡತೆ ನಮ್ಮ ಊಹೆಗೆ ತಿರುಗುಮುರುಗು. ಒಂದೇ ತಗಡಿನ ಮೇಲೆ ಒಂದು ಕಡೆ ಗಾಳಿ ತಾಗುವ ನೀರು, ಪಕ್ಕದಲ್ಲೇ ಗಾಳಿ ತಾಗದ ನೀರು ಇದ್ದರೆ ಗಾಳಿ ಕಡಿಮೆ ಇರುವ ಜಾಗದ ಕಬ್ಬಿಣವೇ ಮೊದಲು ಕರಗುತ್ತದೆ. ಒಂದು ಕಡೆಗೂ ಇನ್ನೊಂದು ಕಡೆಗೂ ನಡುವೆ ಬ್ಯಾಟರಿಯಲ್ಲಿ ಹರಿದ ಹಾಗೆ ಸಣ್ಣಗೆ ವಿದ್ಯುತ್ತು ಹರಿಯುತ್ತದೆ. ಮ್ಯಾಟಿನ ಅಂಚಿನಿಂದ ನಾಲ್ಕು ಬೆರಳು ಒಳಗೆ ತಗಡು ಹೆಚ್ಚು ತಿಂದುಹೋಗಿರುವುದಕ್ಕೆ ಇದೇ ಕಾರಣ. ನೀರಿನಲ್ಲಿ ಉಪ್ಪಿನ ಅಂಶ ಸೇರಿದರಂತೂ ಆ ಕೆಲಸಕ್ಕೆ ಎಲ್ಲಿಲ್ಲದ ಚುರುಕು ಬರುತ್ತದೆ.

ಉಪ್ಪು ಎಲ್ಲಿಂದ ಬಂತು, ನಾವು ಸಮುದ್ರದ ಹತ್ತಿರವಿಲ್ಲವಲ್ಲ ಎನ್ನಬೇಡಿ. ನಾವು ತೋಟಕ್ಕೆ ಹಾಕುವ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡು. ಕಬ್ಬಿಣಕ್ಕೆ ಅಡಿಗೆ ಉಪ್ಪು ಮಾಡುವುದನ್ನೆಲ್ಲ ಅದೂ ಮಾಡುತ್ತದೆ. ಚೀಲದ ಹೊಲಿಗೆಯಿಂದ ಉದುರಿದ ಹಿಡಿ ಪೊಟ್ಯಾಷು ಗಾಳಿಯ ತೇವ ಹೀರಿ ತಾನೇ ಒದ್ದೆಯಾಗುತ್ತದೆ, ಮಳೆ ಬರಬೇಕೆಂದೂ ಇಲ್ಲ. ಘಟ್ಟದ ಕೆಳಗಿಂದ ಚಾರ್ಮಾಡಿ ಹತ್ತಿ ಮೀನು ತರುವ ಪಿಕಪ್‌ಗಳ ಪಾಡು ಇನ್ನೂ ಕೆಟ್ಟದ್ದು. ಐಸ್ ಕರಗಿದ ಉಪ್ಪುನೀರು ದಾರಿಯುದ್ದಕ್ಕೂ ತಳದಲ್ಲಿ ಆಡುತ್ತಾ ಬರುತ್ತದೆ. ವಾಪಸು ಹೋಗುವಾಗ ಅದರ ಮೇಲೆಯೇ ಹುಲ್ಲಿನ ಹೊರೆ. ದನದ ಗಂಜಲ ಇದೆ, ಕೋಳಿ ಗೊಬ್ಬರ ಇದೆ. ಕೊಯ್ಲಿನ ಕಾಲಕ್ಕೆ ಹಣ್ಣಿನ ಮೂಟೆಗಳಿಂದ ಜಿನುಗುವ ರಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಸಿಹಿಯಾಗಿ ಅಂಟಂಟಾಗಿರುತ್ತದೆ, ಎರಡು ದಿನದಲ್ಲಿ ಹುಳಿಯಾಗುತ್ತದೆ, ಅಂಟಿದ ಧೂಳನ್ನು ಬಿಡುವುದಿಲ್ಲ.

ಇವೆಲ್ಲಕ್ಕಿಂತ ದೊಡ್ಡ ವೈರಿ ಮೈಲುತುತ್ತು. ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದನ್ನು ಈ ಸೀಮೆಗೆ ಕಲಿಸಿದ್ದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್. ಶತಮಾನದ ಹಿಂದಿನ ಮಾತು. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ 1885ರ ಹೊತ್ತಿಗೆ ಹುಟ್ಟಿದ ಔಷಧಿ ನಮ್ಮ ಅಡಿಕೆ ಕೊನೆಗೆ ಬಂತು, ಕಾಫಿಗೆ ಬಂತು, ಮೆಣಸಿನ ಬಳ್ಳಿಗೂ ಬಂತು. ಶೇಕಡಾ ಒಂದರ ದ್ರಾವಣಕ್ಕೆ ನೂರು ಲೀಟರು ನೀರು, ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ. ಈ ಲೆಕ್ಕ ನಮ್ಮ ಮಕ್ಕಳಿಗೂ ಬಾಯಿಪಾಠ. ದ್ರಾವಣ ಹದಕ್ಕೆ ಬಂದಿದೆಯೋ ಎಂದು ನೋಡಲು ಏನು ಮಾಡುತ್ತೇವೆ? ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತೇವೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದು ಅರ್ಥ. ಮೈಲುತುತ್ತು ಕರಗಿಸಲು ಕಬ್ಬಿಣದ ಡ್ರಮ್ಮು ಬಳಸಬಾರದು, ಪ್ಲಾಸ್ಟಿಕ್ಕಿನದೇ ಆಗಬೇಕು ಎಂದು ಆಳುಗಳಿಗೆ ಗದರುತ್ತೇವೆ. ಇಷ್ಟೆಲ್ಲ ತಿಳಿದ ನಾವೇ ಅದೇ ಮೈಲುತುತ್ತಿನ ಚೀಲವನ್ನು ಒದ್ದೆ ತಗಡಿನ ಮೇಲೆ ಬಿಸಾಕಿ ತೋಟಕ್ಕೆ ಕೊಂಡೊಯ್ಯುತ್ತೇವೆ. ನಮ್ಮ ಗಾಡಿಯ ಹಿಂದಿನ ಬಾಡಿ ಅಂದರೆ ಆರಡಿ ಉದ್ದದ ಕತ್ತಿ, ಮಾರಾಯ್ರೆ!

ಆ ಕತ್ತಿಯ ಮೇಲೆ ಕಂಡ ಕೆಂಪು ಎಲ್ಲಿಂದ ಬಂತು ಅಂತ ಯೋಚಿಸಿ. ದ್ರಾವಣದಲ್ಲಿದ್ದ ತಾಮ್ರ ಕಬ್ಬಿಣದ ಮೇಲೆ ಕೂತಿತು, ಅದಕ್ಕೆ ಬದಲಾಗಿ ಅಷ್ಟು ಕಬ್ಬಿಣ ಕರಗಿ ಹೋಯಿತು. ಬಾಡಿಯಲ್ಲೂ ನಡೆಯುವುದು ಇದೇ. ಬಣ್ಣ ಎದ್ದ ಒಂದು ಗೀರಿನಲ್ಲಿ ನೀಲಿ ನೀರು ಇಳಿಯಿತು ಎಂದರೆ ಅಲ್ಲಿ ತಾಮ್ರದ ಕಣಗಳು ಅಂಟುತ್ತವೆ. ಮಾರನೇ ದಿನ ಬಕೆಟ್ ನೀರು ಹೊಯ್ದು ತೊಳೆದರೆ ನೀಲಿ ಹೋಗುತ್ತದೆ, ತಾಮ್ರದ ಕಣ ಅಲ್ಲೇ ಉಳಿಯುತ್ತದೆ. ಮುಂದೆ ಬರಿಯ ಮಳೆನೀರು ಬಿದ್ದರೂ ಸಾಕು, ತಾಮ್ರದ ಪಕ್ಕದ ಕಬ್ಬಿಣ ತಿನ್ನಿಸಿಕೊಳ್ಳುತ್ತಾ ಹೋಗುತ್ತದೆ. ಜಿಐ ಶೀಟು ಹಾಕಿಸಿದ್ದೇನೆ, ನನಗೇನು ಎನ್ನುವವರಿಗೂ ಹೇಳಬೇಕು: ಮೈಲುತುತ್ತು ಆ ಶೀಟಿನ ಮೇಲಿನ ಸತುವಿನ ಲೇಪವನ್ನು ಕಬ್ಬಿಣಕ್ಕಿಂತ ಬೇಗ ತಿನ್ನುತ್ತದೆ. ಅಲ್ಯೂಮಿನಿಯಮ್ಮಿಗೂ ಉಳಿಗಾಲವಿಲ್ಲ.

ಪರಿಹಾರ ಅದೇ ಗಾಡಿಯಲ್ಲಿ, ಪಕ್ಕದ ಚೀಲದಲ್ಲೇ ಇರುತ್ತದೆ. ಮೈಲುತುತ್ತು ಚೆಲ್ಲಿದರೆ ನೀರು ಹೊಯ್ಯುವ ಮೊದಲು ಸುಣ್ಣದ ತಿಳಿ ಹೊಯ್ಯಿರಿ. ತಾಮ್ರ ಸುಣ್ಣಕ್ಕೆ ಕಟ್ಟಿಕೊಂಡು ಕಬ್ಬಿಣದ ತಂಟೆ ಬಿಡುತ್ತದೆ, ಬೋರ್ಡೋ ದ್ರಾವಣದಲ್ಲಿ ಆಗುವುದೂ ಅದೇ. ಆಮೇಲೆ ತೆಂಗಿನ ನಾರಿನಿಂದಲೋ ಪ್ಲಾಸ್ಟಿಕ್ ಬ್ರಷ್ಷಿನಿಂದಲೋ ತಿಕ್ಕಿ ತೊಳೆಯಿರಿ. (ಅಲ್ಯೂಮಿನಿಯಂ ತಳವಿದ್ದವರು ಸುಣ್ಣವನ್ನು ಅದರ ಮೇಲೆ ಹೆಚ್ಚು ಹೊತ್ತು ಬಿಡಬೇಡಿ. ಆ ಲೋಹಕ್ಕೆ ಸುಣ್ಣವೂ ಆಗಿಬರುವುದಿಲ್ಲ.) ಇನ್ನೂ ಒಳ್ಳೆಯದೆಂದರೆ ಚೀಲವನ್ನು ತಗಡಿಗೆ ತಾಗಿಸದಿರುವುದು. ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಟಬ್ಬು ಗಾಡಿಯಲ್ಲಿ ಖಾಯಂ ಇರಲಿ. ಮೈಲುತುತ್ತು, ಕೀಟನಾಶಕದ ಡಬ್ಬ, ಸ್ಪ್ರೇಯರಿನ ಪೆಟ್ರೋಲ್ ಕ್ಯಾನು ಅದರೊಳಗೇ ಕೂರಲಿ. ಮತ್ತು ದಯಮಾಡಿ, ತೊಳೆಯಲು ಗಾಡಿಯನ್ನು ಹಳ್ಳಕ್ಕೆ ಇಳಿಸಬೇಡಿ. ಮೀನಿಗೆ ತಾಮ್ರ ಕಡು ವಿಷ. ಭದ್ರೆಗೂ ಹೇಮಾವತಿಗೂ ನೀರು ಹೋಗುವುದು ನಮ್ಮ ಹಳ್ಳಗಳಿಂದಲೇ. ಮನೆಯ ಹಿಂದಿನ ಇಳಿಜಾರಿನಲ್ಲಿ, ಬಾವಿಯಿಂದ ದೂರದಲ್ಲಿ ತೊಳೆದುಕೊಳ್ಳಿ.

ಈಗ ಮ್ಯಾಟಿನ ಮಾತು. ಹೊಸ ಗಾಡಿ ಮನೆಗೆ ಬಂದ ವಾರದಲ್ಲಿ ಎಲ್ಲರೂ ಮಾಡುವ ಕೆಲಸ ತಳ ಮುಚ್ಚುವುದು. ನಮ್ಮಲ್ಲಿ ಹೆಚ್ಚಿನವರು ಹಟ್ಟಿಯಲ್ಲಿ ದನಕ್ಕೆ ಹಾಸುವ ದಪ್ಪ ರಬ್ಬರ್ ಮ್ಯಾಟನ್ನೇ ತಂದು ಹಾಸುತ್ತಾರೆ. ಕಲ್ಲು, ಸೌದೆ ಬಿದ್ದಾಗ ಪೆಟ್ಟು ತಡೆಯಲು ಅದಕ್ಕಿಂತ ಒಳ್ಳೆಯ ವಸ್ತು ಇಲ್ಲ, ನಾನೂ ಒಪ್ಪುತ್ತೇನೆ. ಮೂಟೆಯೂ ಜಾರುವುದಿಲ್ಲ. ಅದರ ತಕರಾರು ಇರುವುದು ಕೆಳಗಡೆ. ಸಂದಿಯಿಂದ ಇಳಿದ ನೀರು ರಬ್ಬರು ಮತ್ತು ತಗಡಿನ ನಡುವೆ ಸಿಕ್ಕಿಬೀಳುತ್ತದೆ. ಮ್ಯಾಟು ಭಾರವಾದ್ದರಿಂದ ಒಬ್ಬನೇ ಎತ್ತಲಾಗದು, ಇಬ್ಬರು ಬೇಕು. ಇಬ್ಬರು ಸಿಗುವ ಹೊತ್ತಿಗೆ ಮಳೆಗಾಲವೇ ಮುಗಿದಿರುತ್ತದೆ. ಆ ಮ್ಯಾಟನ್ನು ಒಂದೇ ತುಂಡಾಗಿ ಹಾಸುವ ಬದಲು ಮೂರು ತುಂಡು ಮಾಡಿಸಿ. ಒಬ್ಬನೇ ಎತ್ತಿ ಪಕ್ಕದ ಹಲಗೆಗೆ ಒರಗಿಸಬಹುದು. ಹೀಗೆ ಮಾಡಿದವರ ಗಾಡಿಗಳ ತಳ ಬೇರೆಯವರದ್ದಕ್ಕಿಂತ ಚೆನ್ನಾಗಿರುವುದನ್ನು ನಾನು ನೋಡಿದ್ದೇನೆ.

ಪ್ಲಾಸ್ಟಿಕ್ಕಿನ ಅಚ್ಚು ಲೈನರ್ ಅಂತ ಒಂದು ಬರುತ್ತದೆ. ಬಾಡಿಯ ಆಕಾರಕ್ಕೇ ಎರಕ ಹೊಯ್ದ ದೊಡ್ಡ ತಟ್ಟೆ. ನೋಡಲು ಚಂದ, ತೊಳೆಯಲು ಸುಲಭ. ಡಾಂಬರು ರಸ್ತೆಯಲ್ಲಿ ಓಡುವವರಿಗೆ ಇರಲಿ. ನಮ್ಮ ಎಸ್ಟೇಟ್ ರಸ್ತೆಗಳಲ್ಲಿ ಗಾಡಿ ಕುಲುಕಿದಂತೆಲ್ಲ ಅದೂ ಕುಲುಕುತ್ತದೆ, ಅಡಿಗೆ ಸೇರಿದ ಮರಳು ಉಜ್ಜುಕಾಗದದ ಕೆಲಸ ಮಾಡಿ ಬಣ್ಣ ಕಿತ್ತುಹಾಕುತ್ತದೆ. ಮೇಲಿಂದ ಎಲ್ಲ ಹೊಸದರಂತೆ ಇರುವುದರಿಂದ ಒಳಗಿನ ಸಂಗತಿ ಗೊತ್ತಾಗುವುದೂ ಇಲ್ಲ.

ಚೆಕರ್ ಪ್ಲೇಟು ಹಾಕಿಸುವವರು ಒಂದು ಲೆಕ್ಕ ಮಾಡಬೇಕು. ಮೂರು ಮಿ.ಮೀ. ದಪ್ಪದ ಉಕ್ಕಿನ ಹಾಳೆ ಒಂದು ಚದರ ಮೀಟರಿಗೆ ಸುಮಾರು 24 ಕೆ.ಜಿ. ತೂಗುತ್ತದೆ, ಮೇಲಿನ ಉಬ್ಬುಗಳ ತೂಕ ಬೇರೆ. ಪಿಕಪ್ಪಿನ ತಳ ಮೂರು ಚದರ ಮೀಟರಿನ ಆಸುಪಾಸು ಇರುವುದರಿಂದ 75 ಕೆ.ಜಿ. ಆಯಿತು. ಅಂದರೆ ಒಂದೂವರೆ ಮೂಟೆ ಕಾಫಿಯನ್ನು ಇಳಿಸದೆ ವರ್ಷಪೂರ್ತಿ ಹೊತ್ತು ತಿರುಗಿದಂತೆ. ಡೀಸೆಲ್ಲಿನ ಬೆಲೆ ನಿಮಗೆ ನಾನು ಹೇಳಬೇಕಾಗಿಲ್ಲ. ತೂಕ ಕಡಿಮೆಯಾಗಲಿ ಎಂದು ಅಲ್ಯೂಮಿನಿಯಂ ಪ್ಲೇಟು ತಂದು ಕಬ್ಬಿಣದ ತಳಕ್ಕೆ ನೇರವಾಗಿ ರಿವೆಟ್ ಹೊಡೆಸುತ್ತಾರೆ. ಎರಡು ಬೇರೆ ಲೋಹಗಳ ನಡುವೆ ನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಹೊಡೆದ ಪ್ರತಿ ರಿವೆಟ್ಟೂ ತಳಕ್ಕೆ ಒಂದು ಹೊಸ ತೂತು. ಹಾಕಿಸಲೇಬೇಕಿದ್ದರೆ ನಡುವೆ ತೆಳು ರಬ್ಬರ್ ಪಟ್ಟಿ ಕೊಟ್ಟು, ಬಿಚ್ಚಲು ಬರುವಂತೆ ಬೋಲ್ಟಿನಲ್ಲಿ ಕೂರಿಸಿ.

ಈಚೆಗೆ ಪಟ್ಟಣಗಳಲ್ಲಿ ಪಾಲಿಯೂರಿಯಾ ಸ್ಪ್ರೇ ಮಾಡಿಕೊಡುತ್ತಾರೆ. ಗನ್ನಿನಿಂದ ಸಿಡಿದು ಕೆಲವೇ ಕ್ಷಣದಲ್ಲಿ ರಬ್ಬರಿನಂತೆ ಗಟ್ಟಿಯಾಗುವ ಲೇಪ. ತಗಡಿಗೂ ಅದಕ್ಕೂ ನಡುವೆ ಜಾಗವೇ ಇರುವುದಿಲ್ಲವಾದ್ದರಿಂದ ನೀರು ಸಿಕ್ಕಿಬೀಳುವ ಪ್ರಶ್ನೆ ಇಲ್ಲ. ಇರುವುದರಲ್ಲಿ ಇದೇ ಮೇಲು, ಕೈಯಲ್ಲಿ ದುಡ್ಡಿದ್ದವರು ಮಾಡಿಸಬಹುದು. ಒಂದೇ ಷರತ್ತು: ಗಾಡಿ ಹೊಸದಿರಬೇಕು, ಇಲ್ಲವೇ ತಗಡನ್ನು ಬರಿಮೈ ಆಗುವಷ್ಟು ಉಜ್ಜಿರಬೇಕು. ಹಳೇ ತುಕ್ಕಿನ ಮೇಲೆಯೇ ಕಪ್ಪಗೆ ಹೊಡೆದು ಕಳಿಸುವ ಅಂಗಡಿಗಳಿವೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವ ವಸ್ತು. ಒಳಗೇ ಉಬ್ಬಿ ಲೇಪವನ್ನು ಎತ್ತುತ್ತದೆ, ಒಂದು ಕಡೆ ಎದ್ದ ಲೇಪದಡಿ ನೀರು ಊರಗಲ ಹರಡುತ್ತದೆ. ಉಜ್ಜುವ ಕೆಲಸ ನಡೆಯುವಾಗ ಅಲ್ಲಿಯೇ ನಿಂತು ನೋಡಿ. ‘ಸಾಯಂಕಾಲ ಬನ್ನಿ, ರೆಡಿ ಇರ್ತದೆ’ ಎಂದರೆ ಗಾಡಿ ತಿರುಗಿಸಿಕೊಂಡು ಬನ್ನಿ.

ನನ್ನ ಆಯ್ಕೆ ಇವ್ಯಾವೂ ಅಲ್ಲ. ಹಳೇ ಲಾರಿಗಳ ತಳ ಮರದ ಹಲಗೆಯದ್ದಾಗಿತ್ತು. ಹಲಗೆ ಹಲಗೆಗಳ ನಡುವೆ ಸಂದು, ನೀರು ಇಳಿದುಹೋಗಲು ದಾರಿ. ಒಂದು ಹಲಗೆ ಹಾಳಾದರೆ ಅದೊಂದನ್ನೇ ಬದಲಿಸುತ್ತಿದ್ದರು. ಆ ಬುದ್ಧಿಯನ್ನು ಪಿಕಪ್ಪಿಗೂ ತರಬಹುದು, ಅದೂ ನಮ್ಮ ಮನೆಯ ಹಿತ್ತಲಿನ ವಸ್ತುವಿನಿಂದ. ಬಿದ್ದ ಅಡಿಕೆ ಮರ ಸೀಳಿ ದಬ್ಬೆ ಮಾಡಿ, ತಿರುಳು ಕೆತ್ತಿ ಒಣಗಿಸಿ, ಮೂರು ಅಡ್ಡಪಟ್ಟಿಗಳ ಮೇಲೆ ಬೆರಳು ಸಂದು ಬಿಟ್ಟು ಹೊಡೆಯಿರಿ. ಒಂದು ತಟ್ಟಿಯಾಯಿತು. ಬಾಡಿಗೆ ಇಂಥ ಎರಡು ತಟ್ಟಿ ಸಾಕು. ಅದರ ಮೇಲೆ ಮೂಟೆ ಇಟ್ಟರೆ ಮೂಟೆಯ ಅಡಿ ಗಾಳಿಯಾಡುತ್ತದೆ, ತಗಡಿನ ಮೇಲಿನ ತೇವ ಒಣಗುತ್ತದೆ, ಕಣದಲ್ಲಿ ಒಣಗಿಸಿದ ಕಾಫಿ ಪೇಟೆ ತಲುಪುವಷ್ಟರಲ್ಲಿ ತಳದಿಂದ ನೀರು ಹೀರುವುದೂ ತಪ್ಪುತ್ತದೆ. ಹಣ್ಣಿನ ರಸ ಕೆಳಗಿಳಿದರೆ ತಟ್ಟಿ ಎತ್ತಿ ತೊಳೆದರಾಯಿತು. ಸೈಜುಗಲ್ಲು, ಜಲ್ಲಿ ಹೇರುವ ದಿನ ಮಾತ್ರ ತಟ್ಟಿ ಬೇಡ, ಆ ದಿನ ರಬ್ಬರು ಹಾಸಿ, ಸಂಜೆ ತೆಗೆದುಬಿಡಿ. ದಬ್ಬೆಗಳು ವರ್ಷವೆರಡು ವರ್ಷದಲ್ಲಿ ಹಾಳಾಗುತ್ತವೆ, ಹಾಳಾಗಲಿ. ನಮ್ಮಲ್ಲಿ ಅಡಿಕೆ ಮರಕ್ಕೆ ಬರವೇ? ಸಿಲ್ವರ್ ಓಕ್ ಹಲಗೆ ಮಾತ್ರ ಬೇಡ, ಒದ್ದೆಯಲ್ಲಿ ಅದು ತಾಳುವುದಿಲ್ಲ.

ಮುಂಗಾರಿಗೆ ಮುಂಚೆ ಮಾಡಬೇಕಾದ ಕೆಲಸಕ್ಕೆ ವರ್ಕ್‌ಶಾಪೇ ಬೇಕೆಂದಿಲ್ಲ. ಬಾಡಿ ಬರಿದು ಮಾಡಿ ತೊಳೆದು ಎರಡು ಬಿಸಿಲು ಒಣಗಿಸಿ. ಸ್ಕ್ರೂ ಡ್ರೈವರಿನ ಹಿಡಿಯಿಂದ ತಳವನ್ನೆಲ್ಲ ತಟ್ಟುತ್ತಾ ಹೋದರೆ ಟಣ್ ಎನ್ನುವ ಕಡೆ ಗಟ್ಟಿಯಿದೆ, ಬೊದ್ದು ಸದ್ದು ಬಂದ ಕಡೆ ತಗಡು ತೆಳುವಾಗಿದೆ. ತುಕ್ಕನ್ನು ತಂತಿ ಬ್ರಷ್ಷಿನಿಂದ ಬಿಳಿ ಕಬ್ಬಿಣ ಕಾಣುವ ತನಕ ಉಜ್ಜಿ, ಗುಳಿಗಳಲ್ಲಿ ಉಳಿದದ್ದಕ್ಕೆ ರಸ್ಟ್ ಕನ್ವರ್ಟರ್ ಹಚ್ಚಿ. ಅದರಲ್ಲಿ ಸಾಮಾನ್ಯವಾಗಿ ಫಾಸ್ಫಾರಿಕ್ ಆಮ್ಲ ಇರುತ್ತದೆ, ಕೈಗೆ ಗ್ಲೌಸ್ ಇರಲಿ. ತುಕ್ಕು ಕಪ್ಪಾಗಿ ಒಣಗಿದ ಮೇಲೆ ಪ್ರೈಮರ್, ಆಮೇಲೆ ಎರಡು ಕೋಟ್ ಬಣ್ಣ. ನಮ್ಮವರು ಕೆಂಪು ಆಕ್ಸೈಡು ಹಚ್ಚಿ ‘ಆಯ್ತು’ ಎಂದು ಎದ್ದುಬಿಡುತ್ತಾರೆ. ಆ ಪ್ರೈಮರು ತಾನೇ ನೀರು ಹೀರುತ್ತದೆ, ಮೇಲೆ ಬಣ್ಣ ಬೀಳದಿದ್ದರೆ ಮಾಡಿದ ಕೆಲಸ ಆಟಿ ತಿಂಗಳಿಗೇ ಮುಗಿಯಿತು. ತಗಡು ಜೋಡಿಸಿದ ಸಂದಿಗಳಿಗೆ ಸೀಲರ್ ತುಂಬಿ, ಆದರೆ ನೀರು ಹೋಗುವ ತೂತುಗಳನ್ನು ಮುಚ್ಚಬೇಡಿ. ಹಿಂಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ, ಬಗ್ಗಿ ನೋಡದಿದ್ದರೆ ಕಾಣುವುದಿಲ್ಲ. ಅವುಗಳಿಗೆ ಒಂದು ತಂತಿ ಆಡಿಸಿ ಕೆಸರು ತೆಗೆದರೆ ಬಾಗಿಲಿನ ಆಯುಷ್ಯ ದುಪ್ಪಟ್ಟಾಗದಿದ್ದರೂ ನಾಲ್ಕಾರು ವರ್ಷವಾದರೂ ಹೆಚ್ಚುತ್ತದೆ.

ಗಾಡಿಯ ಅಡಿಭಾಗಕ್ಕೆ ಸುಟ್ಟ ಆಯಿಲ್ ಬಳಿಯುವ ಹಳೇ ರೂಢಿ ಇದೆಯಲ್ಲ, ಅದು ಕಬ್ಬಿಣವನ್ನು ಕಾಪಾಡುವುದೇನೋ ನಿಜ. ಜೊತೆಗೆ ರಬ್ಬರ್ ಬುಷ್ಷುಗಳನ್ನು ಉಬ್ಬಿಸಿ ಹಾಳುಮಾಡುತ್ತದೆ, ತೊಟ್ಟಿಕ್ಕಿ ಮಣ್ಣನ್ನೂ ಕೆಡಿಸುತ್ತದೆ. ಗಾಡಿ ನಿಲ್ಲಿಸುವ ಜಾಗದಲ್ಲಿ ಹುಲ್ಲು ಯಾಕೆ ಹುಟ್ಟುವುದಿಲ್ಲ ಎಂದು ಕೇಳಿದವರಿಗೆ ಉತ್ತರ ಅಲ್ಲೇ ಇದೆ.

ತಗಡಿನ ಮಾತು ಇಷ್ಟಾಯಿತು. ಹೇರಿದ ಮಾಲು ಬಾಡಿಗೆ ಮಾಡುವ ಪೆಟ್ಟಿನ ಬಗ್ಗೆಯೂ ಎರಡು ಮಾತು. ನಮ್ಮ ರಸ್ತೆಗಳಲ್ಲಿ ಏರು ಹತ್ತುವಾಗ ಇಡೀ ಹೊರೆ ಹಿಂಬಾಗಿಲಿಗೆ ಒರಗುತ್ತದೆ, ಇಳಿಯುವಾಗ ಕ್ಯಾಬಿನ್ನಿಗೆ ಗುದ್ದುತ್ತದೆ. ಭಾರದ್ದು ಕೆಳಗೆ, ಕ್ಯಾಬಿನ್ನಿಗೆ ಒತ್ತಿ ಇರಬೇಕು ಎಂಬುದು ಚಾಲಕರಿಗೆ ಗೊತ್ತು. ಅವಸರದ ದಿನ ಅದನ್ನು ಕೇಳುವವರಿಲ್ಲ. ಎಲ್ಲಕ್ಕಿಂತ ಅಪಾಯ ಅರ್ಧ ತುಂಬಿದ ಇನ್ನೂರು ಲೀಟರಿನ ಡ್ರಮ್ಮು. ತುಂಬಿದ ಡ್ರಮ್ಮು ಇನ್ನೂರು ಕೆ.ಜಿ. ಇದ್ದರೂ ಕೂತಲ್ಲಿ ಕೂತಿರುತ್ತದೆ. ಅರ್ಧ ಖಾಲಿಯಾದರೆ ಒಳಗಿನ ನೀರು ತಿರುವಿನಲ್ಲಿ ಒಂದು ಕಡೆಗೆ ನುಗ್ಗಿ, ಗಾಡಿ ಯಾವ ಕಡೆ ವಾಲುತ್ತಿದೆಯೋ ಆ ಕಡೆಗೇ ಇನ್ನಷ್ಟು ಎಳೆಯುತ್ತದೆ. ಒಂದೋ ತುಂಬಿಸಿ, ಇಲ್ಲ ಬರಿದು ಮಾಡಿ ತನ್ನಿ. ಹಗ್ಗ ಕಟ್ಟುವ ಕೊಂಡಿಗಳನ್ನು ಬರಿಯ ತಗಡಿಗೆ ಬೆಸುಗೆ ಹಾಕಿಸಬೇಡಿ, ಎಳೆತಕ್ಕೆ ತಗಡೇ ಹರಿದು ಬರುತ್ತದೆ. ತಳದ ಅಡ್ಡ ಚಾನಲ್ ಹಾದುಹೋಗುವ ಕಡೆ ಬೋಲ್ಟು ಹಾಕಿ, ಕೆಳಗೆ ದಪ್ಪ ಪ್ಲೇಟು ಕೊಟ್ಟು ಬಿಗಿಸಲಿ, ಕೊರೆದ ತೂತಿನ ಅಂಚಿಗೆ ಬಣ್ಣ ಮುಟ್ಟಿಸಲಿ. ಮ್ಯಾಟು, ತಟ್ಟಿ, ಲೇಪಗಳಿಗೆ ಯಾರ ಅಪ್ಪಣೆಯೂ ಬೇಡ. ಬಾಡಿಯ ಎತ್ತರ ಏರಿಸುವುದು, ಉದ್ದ ಹಿಗ್ಗಿಸುವುದು ಬೇರೆ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ಸಿಕ್ಕಿಬೀಳುತ್ತೀರಿ.

ಅದೇ ಬಾಡಿಯಲ್ಲಿ ಜನರನ್ನೂ ಕೂರಿಸುತ್ತೇವೆ ಎಂಬುದನ್ನು ಮುಚ್ಚಿಟ್ಟು ಈ ಕಾಗದ ಬರೆಯಲಾರೆ. ಸರಕು ಗಾಡಿಯ ಹಿಂದೆ ಆಳುಗಳನ್ನು ತುಂಬುವುದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ, ಅನಾಹುತವಾದರೆ ವಿಮೆಯವರು ಕೈಯೆತ್ತುವ ಸಂಭವವೇ ಹೆಚ್ಚು. ಕೆಲಸದ ಹೆಂಗಸರು ಬೆಳಿಗ್ಗೆ ಬುತ್ತಿಯ ಡಬ್ಬ ಮಡಿಲಲ್ಲಿಟ್ಟು ಕೂರುವುದು ನಿನ್ನೆ ಕೀಟನಾಶಕ ಚೆಲ್ಲಿದ ಜಾಗದಲ್ಲಿ. ರೇಷನ್ ಅಕ್ಕಿ ಬರುವುದೂ ಅದರಲ್ಲೇ. ಆಳುಗಳಿಗೆ ಬೇರೆ ಗಾಡಿ ಮಾಡಿ. ಅಕ್ಕಿ, ತಿಂಡಿಯ ಸಾಮಾನು ಕ್ಯಾಬಿನ್ನಿನಲ್ಲಿ ಬರಲಿ. ತಗಡಿಗಾಗಿ ಇಷ್ಟುದ್ದ ಬರೆದವನು ಇದನ್ನು ಹೇಳದಿದ್ದರೆ ಹೇಗೆ?

ಬೆಂಗಳೂರಿನಿಂದ ಶನಿವಾರ ಥಾರ್, ಗೂರ್ಖಾ ತೆಗೆದುಕೊಂಡು ಬರುವ ತರುಣರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ನಿಮ್ಮ ಡಿಕ್ಕಿಯಲ್ಲಿ ಗೊಬ್ಬರ ಇರುವುದಿಲ್ಲ, ಸರಿ. ಒದ್ದೆ ಟೆಂಟು, ಕೆಸರು ಮೆತ್ತಿದ ಹಗ್ಗ, ಮೈ ಒರೆಸಿದ ಟವೆಲ್ಲು ತುಂಬಿಕೊಂಡು ಊರಿಗೆ ಹೋಗಿ, ಮುಂದಿನ ಶನಿವಾರದ ತನಕ ಬಾಗಿಲು ತೆರೆಯುವುದಿಲ್ಲ. ಕಾರ್ಪೆಟ್ಟಿನ ಅಡಿಯ ಸ್ಪಂಜು ವಾರವಿಡೀ ನೀರು ಹಿಡಿದಿರುತ್ತದೆ. ಅಂಚು ಎದ್ದ ರಬ್ಬರ್ ಟ್ರೇ ಹಾಕಿ, ಭಾನುವಾರ ರಾತ್ರಿಯೇ ಹೊರತೆಗೆದು ಒಣಗಿಸಿ. ಕಡಲ ದಂಡೆಯ ಮರಳಿನಲ್ಲಿ ಗಾಡಿ ಆಡಿಸುವ ಹುಚ್ಚಿದ್ದವರಿಗೆ ಏನು ಹೇಳಲಿ? ಅಡಿಭಾಗವನ್ನು ಅದೇ ದಿನ ಸಿಹಿನೀರಿನಲ್ಲಿ ತೊಳೆಸಿ.

ಕಡೆಯದಾಗಿ ಹಣದ ವಿಚಾರ, ಇದು ಮಾಲೀಕರಿಗೆ. ಹಿಂದಿನ ಬಾಡಿ ತೊಳೆಯುವುದು ಯಾರ ಕೆಲಸ ಎಂಬುದು ನಮ್ಮಲ್ಲಿ ತೀರ್ಮಾನವಾಗಿಲ್ಲ. ಚಾಲಕನಿಗೆ ಸಂಬಳ ಓಡಿಸಿದ್ದಕ್ಕೆ, ಬಾಡಿಗೆಯವನಿಗೆ ದುಡ್ಡು ಟ್ರಿಪ್ಪಿನ ಲೆಕ್ಕಕ್ಕೆ. ಗೊಬ್ಬರ ಇಳಿಸಿ ಕತ್ತಲಾದ ಮೇಲೆ ಅವನು ಇನ್ನೊಂದು ಗಂಟೆ ನಿಂತು ತಳ ತಿಕ್ಕಲಿ ಎಂದು ಬಯಸಿದರೆ ಅದು ಬರಿಯ ಬಯಕೆಯಾಗಿ ಉಳಿಯುತ್ತದೆ. ಬೋರ್ಡೋ, ಗೊಬ್ಬರ, ಮೀನು ಹೇರಿದ ದಿನಗಳಿಗೆ ತೊಳೆಯುವ ಕೂಲಿ ಅಂತ ಬೇರೆಯೇ ಇಡಿ. ಬಾಡಿಗೆ ಗಾಡಿ ಕರೆಸುವವರು ಟ್ರಿಪ್ಪಿನ ದರದ ಜೊತೆಗೇ ಅದನ್ನು ಮಾತಾಡಿಕೊಳ್ಳಿ. ಚಾಲಕರೂ ಕೇಳಲು ಸಂಕೋಚಪಡಬೇಡಿ. ತಳ ಬದಲಿಸಲು ಬಾಡಿ ಕಟ್ಟುವವರು ಹೇಳುವ ಮೊತ್ತ ಒಮ್ಮೆ ವಿಚಾರಿಸಿ ಬಂದರೆ ಮಾಲೀಕರು ಈ ಕೂಲಿಗೆ ಚೌಕಾಸಿ ಮಾಡಲಾರರು.

ಇಂತಿ,
ನಿಮ್ಮ ಪೈಕಿಯೇ ಆದ ಒಬ್ಬ ತೋಟಗಾರ

ತಾ.ಕ.: ತಳದಲ್ಲಿ ನೀರು ಹೋಗುವ ತೂತುಗಳ ರಬ್ಬರ್ ಬಿರಡೆ ತೆಗೆದರೆ ಧೂಳು ಮೇಲೆ ಬರುತ್ತದೆ ಎಂದು ದೂರುವವರಿದ್ದಾರೆ. ಬರುತ್ತದೆ, ಬೇಸಿಗೆಯಲ್ಲಿ. ಮೊದಲ ಮಳೆಗೆ ಬಿರಡೆಗಳನ್ನು ತೆಗೆದು ದಾರ ಪೋಣಿಸಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟುಕೊಳ್ಳಿ, ದೀಪಾವಳಿ ಕಳೆದ ಮೇಲೆ ವಾಪಸು ಹಾಕಿ. ಕಳೆದುಹೋದರೆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತವೆ. ಅಳತೆಗೆ ಹಳೆಯದೊಂದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ.